ಹುಳ ಜ್ವರಕ್ಕೆ ಕೂತ ದಿನ

ಇವತ್ತು ಮಧ್ಯಾಹ್ನ ನಮ್ಮ ರೇಷ್ಮೆ ಹುಳ ಮೂರನೇ ಜ್ವರಕ್ಕೆ ಕೂತವು. ನಾಳೆ ಮಧ್ಯಾಹ್ನದವರೆಗೂ ಸೊಪ್ಪು ಹಾಕುವ ಹಾಗಿಲ್ಲ. ಅದಕ್ಕೇ ಬರೆಯೋಕೆ ಕೂತಿದ್ದೇನೆ. ಬೇರೆ ದಿನ ಆಗಿದ್ದರೆ ಈ ಹೊತ್ತಿಗೆ ನನ್ನ ತಲೆ ಮೇಲೆ ಸೊಪ್ಪಿನ ಹೊರೆ ಇರುತ್ತಿತ್ತು.

ರೇಷ್ಮೆ ಕಾಣದವರಿಗೆ ಮೊದಲೇ ಹೇಳಿಬಿಡುತ್ತೇನೆ. ಜ್ವರ ಅಂದರೆ ಕಾಯಿಲೆ ಅಲ್ಲ. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಮೊಟ್ಟೆಯಿಂದ ಬಂದಾಗ ಎಳ್ಳಿಗಿಂತ ತೆಳ್ಳಗಿರುವ ಹುಳ, ಇಪ್ಪತ್ತನಾಲ್ಕು ಇಪ್ಪತ್ತೈದು ದಿನದಲ್ಲಿ ಕಿರುಬೆರಳಿನಷ್ಟು ಆಗುತ್ತದೆ. ತೂಕ ಸುಮಾರು 10,000 ಪಟ್ಟು ಏರುತ್ತದೆ. ಹುಳ ಬೆಳೆದ ಹಾಗೆ ಅದರ ಚರ್ಮ ಬೆಳೆಯುವುದಿಲ್ಲ. ಹಾಗಾಗಿ ನಾಲ್ಕು ಸಲ ಹಳೇ ಚರ್ಮ ಬಿಟ್ಟು ಹೊಸದರಲ್ಲಿ ಹೊರಗೆ ಬರಬೇಕು. ಅವೇ ನಾಲ್ಕು ಜ್ವರ. ಮೊದಲೆರಡು, ಎಳೆ ಹುಳ ಸಾಕಿ ಕೊಡುವ ಚಾಕಿ ಕೇಂದ್ರದಲ್ಲೇ ಮುಗಿದಿರುತ್ತವೆ. ಮೂರನೆಯದು, ನಾಲ್ಕನೆಯದು ನಮ್ಮ ಹುಳು ಮನೆಯಲ್ಲಿ, ನಮ್ಮ ಕಣ್ಣೆದುರಿಗೆ.

ಜ್ವರಕ್ಕೆ ಕೂತ ಹುಳವನ್ನು ಹತ್ತಿರ ಬಗ್ಗಿ ನೋಡಬೇಕು. ಮೈ ಬಿಗಿದುಕೊಂಡು ಹೊಳೆಯುತ್ತಿರುತ್ತದೆ. ಯಾರೋ ಕೂಗಿದರು ಅಂತ ಕತ್ತೆತ್ತಿದವರ ಹಾಗೆ ತಲೆ ಎತ್ತಿಕೊಂಡು ಹಾಗೇ ನಿಂತುಬಿಡುತ್ತದೆ. ತಲೆಯ ಹಿಂದೆ ಕಪ್ಪಗೆ, ಮೂರು ಮೂಲೆಯ ಒಂದು ಸಣ್ಣ ಗುರುತು. ಅದು ಒಳಗೆ ಮೂಡುತ್ತಿರುವ ಹೊಸ ತಲೆ. ಕೂರುವ ಮೊದಲು ಬಾಯಿಂದ ಒಂದಿಷ್ಟು ಎಳೆ ಬಿಟ್ಟು, ಕಾಲನ್ನು ಕೆಳಗಿನ ಸೊಪ್ಪಿನ ಹಾಸಿಗೆಗೆ ಅಂಟಿಸಿಕೊಂಡಿರುತ್ತದೆ. ಹಳೇ ಚರ್ಮ ಅಲ್ಲೇ ಉಳಿಯಬೇಕು, ತಾನು ಮುಂದಕ್ಕೆ ಜಾರಿ ಹೊರಬರಬೇಕು, ಅದಕ್ಕೆ. ಈ ಹೊತ್ತಲ್ಲಿ ನಾವು ಕೈ ಹಾಕಿ ಅಲುಗಾಡಿಸಿದರೆ ಆ ಹಿಡಿತ ತಪ್ಪುತ್ತದೆ. ಆಮೇಲೆ ಹುಳಕ್ಕೆ ಚರ್ಮ ಬಿಡೋಕೆ ಆಗಲ್ಲ. ಅರ್ಧಕ್ಕೇ ಸಿಕ್ಕಿಕೊಂಡು ಸಾಯುತ್ತದೆ.

ನಾವು ಮಾಡುವುದು ಇಷ್ಟೇ. ಹಾಸಿಗೆ ಒಣಗಿರಲಿ ಅಂತ ಸುಣ್ಣದ ಪುಡಿ ಉದುರಿಸುತ್ತೇವೆ. ಕಿಟಕಿ ತೆಗೆದು ಗಾಳಿ ಆಡೋಕೆ ಬಿಡುತ್ತೇವೆ. ಬಾಗಿಲು ಮುಂದೆ ಮಾಡಿ ಹೊರಗೆ ಬರುತ್ತೇವೆ. ಆಮೇಲೆ ಕಾಯುತ್ತೇವೆ.

ನನ್ನ ತಂಗಿ ಬೆಂಗಳೂರಲ್ಲಿದ್ದಾಳೆ. ಫೋನ್ ಮಾಡಿದಾಗಲೆಲ್ಲ "ನಿನಗೆ ತಾಳ್ಮೆ ಜಾಸ್ತಿ ಬಿಡಕ್ಕ" ಅಂತಾಳೆ. ತುಮಕೂರಿನ ನಮ್ಮಮ್ಮ ಅದನ್ನು ಕೇಳಿಸಿಕೊಂಡರೆ ಒಪ್ಪಲ್ಲ. ಕುಕ್ಕರಿನ ಆವಿ ಪೂರ್ತಿ ಇಳಿಯೋಕೆ ಬಿಡದೆ ವೆಯ್ಟ್ ಎತ್ತಿಬಿಡುತ್ತಿದ್ದವಳು ನಾನು. ತಾಳ್ಮೆ ನನಗೆ ಹುಟ್ಟಿನಿಂದ ಬಂದದ್ದಲ್ಲ. ಈ ಹುಳು ಮನೆಯಲ್ಲಿ, ನಮ್ಮತ್ತೆ ಪಕ್ಕದಲ್ಲಿ ನಿಂತು, ತಪ್ಪು ಮಾಡಿ ಮಾಡಿ ಕಲಿತದ್ದು. ತಾಳ್ಮೆಯಲ್ಲಿ, ಒಳ್ಳೆಯತನದಲ್ಲಿ, ಸಂತೋಷದಲ್ಲಿ ಮಾಡಿದ ಆ ತಪ್ಪುಗಳನ್ನೇ ಇವತ್ತು ಬರೆಯುತ್ತಿದ್ದೇನೆ.

ಮದುವೆಯಾಗಿ ರಾಮನಗರ ಕನಕಪುರ ನಡುವಿನ ಈ ಊರಿಗೆ ಬಂದದ್ದು 2006ರಲ್ಲಿ. ಬಿಕಾಂ ಓದಿದ್ದೆ. ಹುಳ ತಿನ್ನುವ ಹಿಪ್ಪುನೇರಳೆ ಗಿಡ ಯಾವುದು ಅಂತಲೂ ಗೊತ್ತಿರಲಿಲ್ಲ. ಮಾರನೇ ವರ್ಷ ಒಂದು ಬೆಳೆಯಲ್ಲಿ ಅತ್ತೆಯವರ ತಮ್ಮನ ಮನೆಯಲ್ಲಿ ಸಾವಾಯಿತು. ಮನೆಯವರೆಲ್ಲ ಹೊರಟರು. ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. "ನಾವು ಬೆಳಿಗ್ಗೆ ಬರ್ತೀವಿ. ಏನೂ ಆಕ್ಬೇಡ. ಬಾಗ್ಲು ಮುಂದಕ್ ಆಕಿ ಮಲಿಕ್ಕೊ" ಅಂತ ಹೇಳಿ ಹೋದರು.

ರಾತ್ರಿ ಹನ್ನೊಂದು ಗಂಟೆಗೆ ಟಾರ್ಚ್ ಹಿಡಿದು ನೋಡಿದೆ. ಅಲ್ಲೊಂದು ಇಲ್ಲೊಂದು ಎದ್ದಿದ್ದವು. ದಪ್ಪ ತಲೆ, ಸುಕ್ಕು ಸುಕ್ಕು ಮೈ. ಬರಿ ಹಾಸಿಗೆ ಮೇಲೆ ಸೊಪ್ಪು ಹುಡುಕಿಕೊಂಡು ಅತ್ತ ಇತ್ತ ತಲೆ ಆಡಿಸುತ್ತಿದ್ದವು. ಒಂದೂವರೆ ದಿನದಿಂದ ಏನೂ ತಿಂದಿಲ್ಲವಲ್ಲ ಅಂತ ನನಗೆ ಹೊಟ್ಟೆ ಉರಿದುಹೋಯಿತು. ಮನೆಯಲ್ಲಿ ಯಾರೂ ಇಲ್ಲ. ಇದ್ದ ಸೊಪ್ಪನ್ನೆಲ್ಲ ತಂದು ಎಲ್ಲ ತಟ್ಟೆಗೂ ಹರಡಿಬಿಟ್ಟೆ. ಒಳ್ಳೇ ಕೆಲಸ ಮಾಡಿದೆ ಅಂತಲೇ ಮಲಗಿದೆ.

ಎದ್ದಿದ್ದ ನಾಲ್ಕು ಹುಳ ತಿಂದವು. ಇನ್ನೂ ಜ್ವರದಲ್ಲಿದ್ದ ನೂರಾರು ಹುಳ ಹಸಿ ಸೊಪ್ಪಿನ ಕೆಳಗೆ ಸಿಕ್ಕಿಕೊಂಡವು. ಸುಣ್ಣ ಹಾಕಿ ಒಣಗಿಸಿದ್ದ ಹಾಸಿಗೆ ಒದ್ದೆಯಾಯಿತು. ಮೊದಲು ಎದ್ದವು ತಿಂದುಕೊಂಡು ಮುಂದೆ ಹೋದವು, ಹಿಂದಿನವು ಹಿಂದೆಯೇ ಉಳಿದವು. ಇಡೀ ಬೆಳೆ ಏರುಪೇರು. ಕೊನೆಗೆ ಕೆಲವು ಹಣ್ಣಾಗಿ ಗೂಡು ಕಟ್ಟೋಕೆ ಜಾಗ ಹುಡುಕುತ್ತಿದ್ದರೆ, ಪಕ್ಕದಲ್ಲೇ ಕೆಲವು ಇನ್ನೂ ಸೊಪ್ಪು ತಿನ್ನುತ್ತಿದ್ದವು. ಹಣ್ಣು ಹುಳ ತಡೆಯಲ್ಲ. ಗೂಡು ಕಟ್ಟಿಸುವ ತಟ್ಟಿ, ಅಂದರೆ ಚಂದ್ರಿಕೆಗೆ ಬಿಡುವುದು ತಡವಾದರೆ ಸಿಕ್ಕ ಕಡೆ ನೂಲು ಬಿಟ್ಟು ಹಾಳುಮಾಡುತ್ತದೆ. ಒಂದು ದಿನದಲ್ಲಿ ಆಗಬೇಕಿದ್ದ ಕೆಲಸಕ್ಕೆ ನಾವು ನಾಲ್ಕು ದಿನ, ರಾತ್ರಿ ಹಗಲು, ಒಂದೊಂದೇ ಹುಳ ಆಯ್ದೆವು.

ಅತ್ತೆ ಬೈಯಲಿಲ್ಲ. ಮೂರನೇ ರಾತ್ರಿ, ಇಬ್ಬರೂ ಎದುರು ಬದುರು ಕೂತು ಹುಳ ಆಯುವಾಗ ಕೇಳಿದರು. "ಮಲಗಿರೋ ಮಗು ಬಾಯ್ಗೆ ಅನ್ನ ತುರುಕ್ತಾರಾ ಯಾರಾದ್ರೂ?"

ನಾನು ಮಾತಾಡಲಿಲ್ಲ.

"ಮೊದ್ಲು ಎದ್ದವು ಕಾಯ್ಲಿ ಬುಡು. ಅರ್ಧ ದಿನ ಕಾದ್ರೆ ಅವೇನ್ ಸಾಯಲ್ಲ. ಹಿಂದ್ಲವು ತುಳ್ತಕ್ಕೆ ಸಿಕ್ರೆ ಸಾಯ್ತವೆ."

ಆಮೇಲೆ ನನಗೆ ಇದರ ಲೆಕ್ಕ ಅರ್ಥವಾಯಿತು. ನೂರರಲ್ಲಿ ತೊಂಬತ್ತಕ್ಕಿಂತ ಜಾಸ್ತಿ ಹುಳ ಎದ್ದ ಮೇಲೇ ಸೊಪ್ಪು. ಅದಕ್ಕೂ ಅರ್ಧ ಗಂಟೆ ಮೊದಲು ರೋಗ ಬರದ ಹಾಗೆ ಪುಡಿ ಉದುರಿಸಬೇಕು. ಎದ್ದ ಕೂಡಲೇ ಹುಳದ ಬಾಯಿ ಇನ್ನೂ ಮೆತ್ತಗಿರುತ್ತದೆ, ಗಟ್ಟಿಯಾಗೋಕೆ ಅದಕ್ಕೂ ಹೊತ್ತು ಬೇಕು. ಮೊದಲು ಎದ್ದವನ್ನು ಕಾಯಿಸಿದ್ದರಿಂದ ನಷ್ಟ ಇಲ್ಲ. ನನಗೆ ಅವತ್ತು ಬಂದದ್ದು ಕರುಣೆ ಅಂದುಕೊಂಡಿದ್ದೆ. ನೋಡಿದರೆ ಅದು ನನ್ನ ಸಂಕಟ. ಹಸಿದ ಹುಳವನ್ನು ನೋಡಿಕೊಂಡು ಸುಮ್ಮನಿರೋಕೆ ನನಗೆ ಆಗಲಿಲ್ಲ. ನನ್ನ ಸಂಕಟ ಇಳಿಸಿಕೊಳ್ಳೋಕೆ ನಾನು ಸೊಪ್ಪು ಹಾಕಿದೆ.

ಇದು ಹೊಳೆಯೋಕೆ ನನಗೆ ಎಂಟು ವರ್ಷ ಬೇಕಾಯಿತು. ಅದೂ ಹುಳದಿಂದಲ್ಲ, ಮಗನಿಂದ.

ಮಗ ಹುಟ್ಟಿದ್ದು 2009ರಲ್ಲಿ. ಮಾತು ಬೇಗ ಬಂತು. ನಾಲ್ಕು ತುಂಬುವ ಹೊತ್ತಿಗೆ ಉಗ್ಗು ಶುರುವಾಯಿತು. ಮೊದಲು ಅಕ್ಷರ ಎರಡೆರಡು ಸಲ ಬರುತ್ತಿತ್ತು. ಆಮೇಲೆ ಮಾತೇ ಗಂಟಲಲ್ಲಿ ನಿಂತುಬಿಡುತ್ತಿತ್ತು. ಕಣ್ಣು ಬಿಗಿಯಾಗಿ ಮುಚ್ಚುತ್ತಿದ್ದ. ಕತ್ತಿನ ನರ ಎದ್ದು ಕಾಣುತ್ತಿತ್ತು. ನೆಂಟರು ಬಜೆ ತೇಯ್ದು ನಾಲಿಗೆಗೆ ಹಚ್ಚಿ ಅಂದರು. ಹಚ್ಚಿದೆ. ಯಾವುದೋ ನಾಯಿ ನೋಡಿ ಹೆದರಿರಬೇಕು ಅಂದರು. ಯಂತ್ರ ಕಟ್ಟಿಸಿದೆ. ನನ್ನ ಆತುರದ ಸ್ವಭಾವವೇ ಅವನಿಗೆ ಹತ್ತಿಕೊಂಡಿತೇನೋ ಅಂತ ಎಷ್ಟೋ ರಾತ್ರಿ ಅತ್ತಿದ್ದೇನೆ.

ಒಂದನೇ ಕ್ಲಾಸಿನಲ್ಲಿ ಒಂದು ಸಂಜೆ ಅವನ ಹಾಜರಿ ವಿಷಯ ಮನೆಗೆ ಬಂತು. ದಿನಾ ಸ್ಕೂಲಿಗೆ ಹೋಗುವ ಹುಡುಗ, ಹಾಜರಿಯಲ್ಲಿ ಐದಾರು ದಿನ ಗೈರು. ಕೇಳಿದರೆ ಹೇಳಲಿಲ್ಲ. ಆಮೇಲೆ ಪಕ್ಕದ ಮನೆ ಹುಡುಗಿ ಹೇಳಿದಳು. ಹೆಸರು ಕೂಗಿದಾಗ ಇವನು ಎದ್ದು ನಿಲ್ಲುತ್ತಾನಂತೆ. 'ಪ್ರೆಸೆಂಟ್' ಅನ್ನೋಕೆ ಬಾಯಿ ತೆಗೆಯುತ್ತಾನಂತೆ. ಮಾತು ಬರುವಷ್ಟರಲ್ಲಿ ಮುಂದಿನ ಹೆಸರು ಕೂಗಿ ಆಗಿರುತ್ತದಂತೆ.

ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ. ಎದ್ದು ನಿಂತ ಮಗು ಕಣ್ಣೆದುರಿಗೇ ಇದೆ. ನಾಲ್ಕು ಕ್ಷಣ ಕಾಯಲಿಲ್ಲ ಅನ್ನುವುದಕ್ಕೆ ಅದು ಗೈರು.

2015ರ ದಸರಾ ರಜೆಯಲ್ಲಿ ಅವನನ್ನು ಮೈಸೂರಿಗೆ ಕರೆದುಕೊಂಡು ಹೋದೆವು. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಎಲ್ಲರೂ ಸ್ಪೀಚ್ ಅಂಡ್ ಹಿಯರಿಂಗ್ ಅಂತಲೇ ಕರೆಯುತ್ತಾರೆ. 1965ರಿಂದ ಇದೆ. ಮಳವಳ್ಳಿ ಮೇಲೆ ಹೋಗುವ ಬಸ್ ಹತ್ತಿದರೆ ಅರ್ಧ ದಿನದ ದಾರಿ. ನಮಗೆ ಎರಡು ವರ್ಷ ಅದು ಗೊತ್ತೇ ಇರಲಿಲ್ಲ. ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದರೆ ನೀವು ಅಷ್ಟು ದಿನ ಕಳೆಯಬೇಡಿ, ಅದಕ್ಕೇ ಹೆಸರು ಬರೆದೆ.

ಅಲ್ಲಿನ ಹೆಣ್ಣುಮಗಳು ಒಬ್ಬರು ಅವನ ಜೊತೆ ನೆಲದ ಮೇಲೆ ಕೂತು ಆಟ ಆಡಿದರು. ಆಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿದರು. ಉಗ್ಗು ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಶುರುವಾಗುತ್ತದೆ. ಗಂಡು ಮಕ್ಕಳಲ್ಲಿ ಜಾಸ್ತಿ. ಬಹಳ ಮಕ್ಕಳಿಗೆ ತಾನಾಗೇ ಹೋಗುತ್ತದೆ, ಕೆಲವರಿಗೆ ಉಳಿಯುತ್ತದೆ. ನಾಯಿ ನೋಡಿ ಬಂದದ್ದಲ್ಲ, ತಾಯಿಯ ತಪ್ಪಿನಿಂದ ಬಂದದ್ದೂ ಅಲ್ಲ. ಇಷ್ಟು ಕೇಳಿಸಿಕೊಂಡೇ ನನಗೆ ಅರ್ಧ ಭಾರ ಇಳಿಯಿತು. ಆಮೇಲೆ ಮನೆಯಲ್ಲಿ ಏನು ಮಾಡಬೇಕು ಅಂತ ಹೇಳಿಕೊಟ್ಟರು. ಅವನ ಮಾತನ್ನು ನೀವು ಮುಗಿಸಬೇಡಿ. 'ನಿಧಾನಕ್ಕೆ ಹೇಳು', 'ಉಸಿರು ಎಳ್ಕೊ' ಅಂತ ಹೇಳಬೇಡಿ. ಮುಖ ನೋಡಿಕೊಂಡು ಕೇಳಿ. ಅವನು ಮುಗಿಸಿದ ಮೇಲೂ ಒಂದು ಗಳಿಗೆ ಬಿಟ್ಟು ಉತ್ತರ ಕೊಡಿ. ಅವನಿಗೆ ಹೇಳುವ ಬದಲು ನೀವೇ ನಿಧಾನ ಮಾತಾಡಿ.

ಬಸ್ಸಲ್ಲಿ ವಾಪಸ್ ಬರುವಾಗ, ಮಗ ತೊಡೆ ಮೇಲೆ ಮಲಗಿದ್ದ. ನನಗೆ ಇದ್ದಕ್ಕಿದ್ದ ಹಾಗೆ 2007ರ ಆ ರಾತ್ರಿ ನೆನಪಾಯಿತು. ಟಾರ್ಚ್ ಬೆಳಕು, ಹಾಸಿಗೆ ಮೇಲೆ ಹರಡಿದ ಹಸಿ ಸೊಪ್ಪು.

ಅವತ್ತೇ ರಾತ್ರಿ ಊಟಕ್ಕೆ ಕೂತಿದ್ದೆವು. ಮಗ ತಟ್ಟೆಯಲ್ಲಿ ಅನ್ನ ಕೂಡಿಸಿಕೊಂಡು ನನ್ನ ಕಡೆ ನೋಡಿದ. "ಮ್... ಮ್... ಮ್..." ಮಜ್ಜಿಗೆ ಅಂತ ನನಗೆ ಗೊತ್ತು. ಮಜ್ಜಿಗೆ ಚೊಂಬು ನನ್ನ ಕೈಯಲ್ಲೇ ಇತ್ತು. ಎರಡು ವರ್ಷದಿಂದ ದಿನಾ ನಾನು 'ಮಜ್ಜಿಗೆನಾ? ತಗೊ' ಅಂತ ಅವನು ಬಾಯಿ ತೆಗೆಯುವಷ್ಟರಲ್ಲಿ ಬಡಿಸಿಬಿಡುತ್ತಿದ್ದೆ. ಪ್ರೀತಿಯಿಂದಲೇ ಬಡಿಸುತ್ತಿದ್ದೆ. ಅವತ್ತು ಚೊಂಬು ಹಿಡಿದುಕೊಂಡು ಅವನ ಮುಖ ನೋಡಿದೆ. ಅವನ ಬಿಗಿದ ತುಟಿ, ಮುಚ್ಚಿದ ಕಣ್ಣು. ನನ್ನ ಅಂಗೈ ಬೆವರಿತು. ಗೋಡೆ ಗಡಿಯಾರದ ಮುಳ್ಳು ಓಡುವುದು ಕೇಳಿಸುತ್ತಿತ್ತು. ಯಜಮಾನರು ಬಾಯಿ ತೆಗೆಯೋಕೆ ಹೋದರು, ಅವರ ಮೊಣಕಾಲು ಒತ್ತಿದೆ. ಹತ್ತು ಸೆಕೆಂಡ್ ಆಯಿತೋ ಹನ್ನೆರಡೋ.

"ಮಜ್ಜಿಗೆ" ಅಂದ.

ನಾನು ಒಂದು ಗಳಿಗೆ ಬಿಟ್ಟು "ಹೂಂ" ಅಂದೆ. ಬಡಿಸಿದೆ. ಅಷ್ಟೇ. ಅವನು ತಲೆ ಬಗ್ಗಿಸಿ ಉಂಡ. ನಾನು ಒಳಗೆ ಹೋಗಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದೆ.

ಒಂದು ವಿಷಯ ಆಗ ಗಮನಕ್ಕೆ ಬಂತು. ಅಜ್ಜಿ ಹತ್ತಿರ ಅವನಿಗೆ ಮೊದಲಿನಿಂದಲೂ ಉಗ್ಗು ಕಮ್ಮಿ. ಇಬ್ಬರೂ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅತ್ತೆ ಯಾವ ಸಂಸ್ಥೆಗೂ ಹೋಗಿ ಕಲಿತವರಲ್ಲ. ಅವನ ಮಾತು ನಿಂತರೆ ಅವರ ಕೈ ಮಾತ್ರ ಸೊಪ್ಪು ಬಿಡಿಸುತ್ತಿರುತ್ತಿತ್ತು, ಕಣ್ಣು ಅವನ ಮೇಲೆ ಇರುತ್ತಿತ್ತು. ಎದ್ದೇಳುತ್ತವೆ, ಇನ್ನೊಂದು ಚೂರು ಹೊತ್ತು ಅಂತ ತಟ್ಟೆ ನೋಡುತ್ತಾರಲ್ಲ, ಅದೇ ನೋಟ.

ತಾಳ್ಮೆ ಅಂದರೆ ಹಲ್ಲು ಕಚ್ಚಿಕೊಂಡು ಸಹಿಸುವುದು ಅಂತ ನಾನು ಬಹಳ ದಿನ ನಂಬಿದ್ದೆ. ಹಲ್ಲು ಕಚ್ಚಿಕೊಂಡು ಕಾದರೆ ಮಗುವಿಗೆ ಗೊತ್ತಾಗಿಬಿಡುತ್ತದೆ. ಮುಖ ಸುಮ್ಮನಿದ್ದರೂ ಕಾಲು ಅಲ್ಲಾಡುತ್ತಿರುತ್ತದೆ ನೋಡಿ. ಅದನ್ನೂ ಬಿಡುವುದು ಕಲಿಯೋಕೆ ನನಗೆ ಇನ್ನೂ ಒಂದೆರಡು ವರ್ಷ ಹಿಡಿಯಿತು.

ಒಳ್ಳೆಯತನದ ವಿಷಯದಲ್ಲಿ ಮಾತ್ರ ನಾನು ಇನ್ನೂ ಅತ್ತೆಯ ಹತ್ತಿರಕ್ಕೂ ಬಂದಿಲ್ಲ. ಅದನ್ನೂ ಹೇಳುತ್ತೇನೆ.

2018ರ ಜನವರಿ. 150 ಮೊಟ್ಟೆ ಹುಳ ಇಟ್ಟಿದ್ದೆವು. ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪು, ಅದರಲ್ಲಿ 400ರಿಂದ 500 ಹುಳ. ಅಲ್ಲಿಗೆ ಅರವತ್ತು ಸಾವಿರದ ಮೇಲೆ ಹುಳ. ನಾಲ್ಕೂ ಜ್ವರ ಮುಗಿದು ಐದನೇ ಹಂತ. ಹುಳ ಬದುಕಿನಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಭಾಗಕ್ಕಿಂತ ಜಾಸ್ತಿ ಈ ಕೊನೆಯ ಏಳೆಂಟು ದಿನದಲ್ಲೇ ತಿನ್ನುತ್ತದೆ. ರಾತ್ರಿ ಹುಳು ಮನೆಯಲ್ಲಿ ನಿಂತರೆ ಅವು ಸೊಪ್ಪು ಮೇಯುವ ಸದ್ದು ಕೇಳುತ್ತದೆ. ಎಲ್ಲರೂ ಮಳೆ ಸದ್ದು ಅಂತಾರೆ. ನನಗೆ ಮೊರದಲ್ಲಿ ಅಕ್ಕಿ ಕೇರುವ ಸದ್ದಿನ ಹಾಗೆ ಕೇಳುತ್ತದೆ.

ಪಕ್ಕದ ತೋಟದವರದು ಮಾವು. ಹೂವು ಬಂದಿತ್ತು, ಜಿಗಿ ಹುಳ ಬಿದ್ದಿತ್ತು. ಅವರು ಔಷಧಿ ಹೊಡೆದರು. ಗಾಳಿ ನಮ್ಮ ಕಡೆಗಿತ್ತು. ನಮಗೆ ಗೊತ್ತಿಲ್ಲ. ಮಾರನೇ ಬೆಳಿಗ್ಗೆ ಆ ಅಂಚಿನ ಸೊಪ್ಪು ಕೊಯ್ದು ತಂದು ಹಾಕಿದೆವು. ಮಧ್ಯಾಹ್ನದ ಹೊತ್ತಿಗೆ ಹುಳ ತಲೆ ಮೇಲೆತ್ತಿ ಹೊರಳಾಡತೊಡಗಿದವು. ಬಾಯಿಂದ ಹಸಿರು ನೀರು. ಮೈ ಮುದುಡಿಕೊಂಡು ಅರ್ಧಕ್ಕೆ ಅರ್ಧ ಆಗಿಬಿಟ್ಟವು. ಸಂಜೆಗೆ ಹುಳು ಮನೆಯಲ್ಲಿ ಸದ್ದೇ ಇಲ್ಲ.

ಗುಂಡಿ ತೋಡಿ, ಸುಣ್ಣ ಸುರಿದು ಮುಚ್ಚಿದೆವು. ನಾನು ಹಾಗೇ ಆ ಮನೆ ಬಾಗಿಲಿಗೆ ಹೋದೆ. ಬಾಯಿಗೆ ಬಂದ ಹಾಗೆ ಕೇಳಿದೆ. ಕೇಳಿದ್ದು ತಪ್ಪು ಅಂತ ನನಗೆ ಇವತ್ತೂ ಅನ್ನಿಸಿಲ್ಲ. ಅವರು "ನಮ್ ತೋಟಕ್ಕೆ ನಾವ್ ಹೊಡ್ಕೊಂಡೊ" ಅಂದರು. ಒಂದು ಕೆಟ್ಟದಾಯಿತು ಅನ್ನುವ ಮಾತಿಲ್ಲ. ಅವತ್ತಿನಿಂದ ಎರಡೂ ಮನೆಗೆ ಮಾತು ನಿಂತಿತು.

ಏಪ್ರಿಲ್‌ನಲ್ಲಿ ಅವರ ಬೋರ್‌ವೆಲ್ ಬತ್ತಿತು. ಅವರದೂ ಅರ್ಧ ಎಕರೆ ಹಿಪ್ಪುನೇರಳೆ ಇತ್ತು, ಹುಳ ಇಟ್ಟಿದ್ದರು. ಸೊಪ್ಪು ಬಾಡಿಹೋಯಿತು. ಹುಳ ಐದನೇ ಹಂತಕ್ಕೆ ಬಂದು ನಾಲ್ಕು ದಿನ ಆಗಿತ್ತು, ಇನ್ನು ಮೂರು ದಿನ ಸೊಪ್ಪು ಸಿಕ್ಕರೆ ಗೂಡು. ಊರಲ್ಲಿ ಯಾರ ಹತ್ತಿರವೂ ಮಾರುವಷ್ಟು ಸೊಪ್ಪಿರಲಿಲ್ಲ. ನಮ್ಮ ಬಾವಿ ಪಕ್ಕದ ಪಾತಿ ಹಸಿರಾಗಿತ್ತು. ನಮ್ಮದು ಆಗ ತಾನೇ ಬೆಳೆ ಮುಗಿದಿತ್ತು.

ಯಾರು ಸುದ್ದಿ ಮುಟ್ಟಿಸಿದರೋ. ಬೆಳಿಗ್ಗೆ ಐದಕ್ಕೆ ಎದ್ದು ನೋಡಿದರೆ ಅತ್ತೆ ಕುಡುಗೋಲು ಹಿಡಿದು ತೋಟದಲ್ಲಿದ್ದಾರೆ. ಕಡ್ಡಿ ಸೊಪ್ಪು ಕೊಯ್ದು ಹೊರೆ ಕಟ್ಟುತ್ತಿದ್ದಾರೆ. ಯಾರಿಗೆ ಅಂತ ಕೇಳಿದೆ. ಹೇಳಿದರು.

ನನಗೆ ಮೈಯೆಲ್ಲ ಉರಿಯಿತು. "ನಮ್ಮ ಹುಳ ಸಾಯಿಸಿದೋರಿಗೆ ನೀವು ಸೊಪ್ಪು ಕೊಡ್ತೀರಾ ಅತ್ತೆ?"

ಅವರು ಹೊರೆಗೆ ಹಗ್ಗ ಬಿಗಿಯುತ್ತಾ ಹೇಳಿದರು. "ಹುಳ ಏನ್ ತಪ್ ಮಾಡಿದ್ವವ್ವ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಹೊರೆ ಎತ್ತಿಕೊಡಲಿಲ್ಲ. ಸುಮ್ಮನೆ ನಿಂತೆ. ಅವರೇ ಬದುವಿನ ಮೇಲೆ ಇಟ್ಟುಕೊಂಡು, ಬಗ್ಗಿ, ತಲೆಗೆ ಏರಿಸಿಕೊಂಡು ಹೋದರು. ಆಗ ಅವರಿಗೆ ಎಪ್ಪತ್ತರ ಹತ್ತಿರ. ಮೂರು ದಿನ ಹಾಗೇ ಹೋದರು. ಮೂರನೇ ದಿನ ನಾನೂ ಒಂದು ಹೊರೆ ಹೊತ್ತೆ. ಒಳ್ಳೇ ಮನಸ್ಸಿನಿಂದ ಹೊತ್ತೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಅತ್ತೆಯ ಮಂಡಿ ನೋಡೋಕೆ ಆಗದೆ ಹೊತ್ತೆ.

ದುಡ್ಡು ಕೊಡೋಕೆ ಬಂದರು, ಅತ್ತೆ ಮುಟ್ಟಲಿಲ್ಲ. ಜನವರಿಯ ವಿಷಯ ಇಬ್ಬರೂ ಎತ್ತಲಿಲ್ಲ. ತಪ್ಪಾಯಿತು ಅನ್ನುವ ಮಾತು ಇವತ್ತಿನವರೆಗೂ ಆ ಮನೆಯಿಂದ ಬಂದಿಲ್ಲ. ಆದರೆ ಅವತ್ತಿನಿಂದ ಮಾವಿಗೆ ಔಷಧಿ ಹೊಡೆಯುವ ಹಿಂದಿನ ಸಂಜೆ ಆಯಪ್ಪ ಬದುವಿನ ಮೇಲೆ ನಿಂತು ಕೂಗುತ್ತಾರೆ. "ಅಕ್ಕೋ, ನಾಳೀಕೆ ಔಸ್ತಿ ಹೊಡೀತೀನಿ, ಈ ಕಡೆ ಸೊಪ್ ಕುಯ್ಕೊಬುಡ್ರಿ." ನಾವು ರಾತ್ರೋರಾತ್ರಿ ಆ ಅಂಚಿನ ಸೊಪ್ಪು ಕೊಯ್ದು ಒದ್ದೆ ಗೋಣಿಯಲ್ಲಿ ಮುಚ್ಚಿಡುತ್ತೇವೆ. ಆಮೇಲೆ ಬಹಳ ದಿನ ಆ ಕಡೆ ಸೊಪ್ಪು ಮುಟ್ಟುವುದಿಲ್ಲ. ಏಳು ವರ್ಷದಲ್ಲಿ ಒಂದು ಸಲವೂ ಆಯಪ್ಪ ಮರೆತಿಲ್ಲ.

ನಾನು ಆ ಮನೆಯಲ್ಲಿ ಕೂತು ಕಾಫಿ ಕುಡಿಯೋಕೆ ಮಾತ್ರ ಇನ್ನೂ ಎರಡು ವರ್ಷ ಹಿಡಿಯಿತು. ಈಗ ಹೋಗುತ್ತೇನೆ. ಆ ಮನೆಯ ಅಕ್ಕ ಹುರುಳಿಕಾಳಿನ ಬಸ್ಸಾರು ಬಹಳ ಚೆನ್ನಾಗಿ ಮಾಡುತ್ತಾರೆ. ಆದರೆ ಜನವರಿಯಲ್ಲಿ ಮಾವಿನ ಹೂವಿನ ವಾಸನೆ ಬಂದರೆ ಎದೆಯಲ್ಲಿ ಒಂದು ಸಲ ಚುಳ್ ಅನ್ನುತ್ತದೆ. ಅದು ಹೋಗಿಲ್ಲ.

ಸಂತೋಷದ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ನನಗೆ ಒಂದು ಚಟ ಇತ್ತು. 'ಈ ಬೆಳೆ ಒಂದು ಮುಗಿಯಲಿ' ಅನ್ನುವ ಚಟ. ಈ ಬೆಳೆ ಮುಗಿಯಲಿ, ತಾಯಿ ಮನೆಗೆ ಹೋಗುತ್ತೇನೆ. ಈ ಗೂಡು ಮಾರ್ಕೆಟ್‌ಗೆ ಹೋಗಲಿ, ನೆಮ್ಮದಿಯಾಗಿ ಮಲಗುತ್ತೇನೆ. ನಮ್ಮಲ್ಲಿ ವರ್ಷಕ್ಕೆ ಆರು ಬೆಳೆ. ಒಂದು ಮುಗಿದರೆ ಹುಳು ಮನೆ ತೊಳೆದು ಔಷಧಿ ಹೊಡೆಯುವ ಹೊತ್ತಿಗೆ ಇನ್ನೊಂದು ಚಾಕಿ ಬಂದಿರುತ್ತದೆ. ರಾಮನಗರದ ಮಾರ್ಕೆಟ್‌ನಲ್ಲಿ ರೇಟು ಏರಿದರೆ ಒಂದು ದಿನ ಖುಷಿ, ಇಳಿದರೆ ಹದಿನೈದು ದಿನ ಬೇಜಾರು. ಹೀಗೆ ಹತ್ತು ವರ್ಷ ಹೋಯಿತು.

ಅತ್ತೆ ಹಾಗಲ್ಲ. ಜ್ವರದ ದಿನ ಅವರಿಗೆ ಹಬ್ಬ. ಹುಳಕ್ಕೆ ಸೊಪ್ಪಿಲ್ಲ ಅಂದರೆ ನಮಗೂ ಕೆಲಸ ಇಲ್ಲ ಅಲ್ವಾ. ಬೆಳಿಗ್ಗೆ ತಲೆಗೆ ಹರಳೆಣ್ಣೆ ಒತ್ತಿಕೊಳ್ಳುತ್ತಾರೆ. ಬಿಸಿಲಲ್ಲಿ ಕೂರುತ್ತಾರೆ. ಅವರೆಕಾಯಿ ಕಾಲವಾದರೆ ಹಿಚುಕಿದ ಬೇಳೆ. ನಾನು ಮಾತ್ರ ಅರ್ಧ ಗಂಟೆಗೊಂದು ಸಲ ಹುಳು ಮನೆ ಬಾಗಿಲು ತೆಗೆದು ನೋಡುತ್ತಿದ್ದೆ. ಒಂದು ದಿನ ಕೇಳಿಯೇಬಿಟ್ಟರು. "ನೀ ಹೋಗಿ ಹೋಗಿ ನೋಡುದ್ರೆ ಬಿರ್ನೆ ಎದ್ದವಾ? ಬಾ ಇಲ್ಲಿ, ಕಾಳು ಹಿಚುಕು."

ಕೂತೆ. ನೆನೆದ ಅವರೆಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಟಪ್ ಅಂತ ಪಾತ್ರೆಗೆ ಹಾರುತ್ತದೆ. ಅದೂ ಒಂದು ಪೊರೆ. ಬೆರಳ ತುಂಬ ಸೊಗಡಿನ ವಾಸನೆ. ಮಗ ಅಜ್ಜಿಯ ಪಕ್ಕ ಕೂತು ಬೇಳೆಯನ್ನು ದೂರದ ಬಟ್ಟಲಿಗೆ ಹಾರಿಸುವ ಪಂದ್ಯ ಕಟ್ಟಿದ. ನಾನು ಸೋತೆ. ಮೂರು ಗಂಟೆ ಹೊತ್ತು ಒಂದು ಸಲವೂ ಹುಳು ಮನೆ ಕಡೆ ಹೋಗಿರಲಿಲ್ಲ ಅನ್ನುವುದು ಸಾಯಂಕಾಲ ಸಾರು ಕುದಿಯುವಾಗ ನೆನಪಾಯಿತು. ಒಗ್ಗರಣೆ ಘಾಟು ಹುಳಕ್ಕೆ ಆಗಲ್ಲ ಅಂತ ಅಡುಗೆ ಮನೆ ಕಿಟಕಿ ಹಾಕೋಕೆ ಎದ್ದಾಗ. ಹುಳ ಅವುಗಳ ಪಾಡಿಗೆ ಅವು ಎದ್ದಿದ್ದವು.

ಆಮೇಲಿಂದ ಜ್ವರದ ದಿನ ನಾನೂ ರಜೆ ಮಾಡುತ್ತೇನೆ. ಸೀರೆ ಬೀರುವಿನಿಂದ ತೆಗೆದು ಬಿಸಿಲಿಗೆ ಹಾಕುತ್ತೇನೆ. ತಂಗಿಗೆ ಫೋನ್ ಮಾಡುತ್ತೇನೆ. ಇಲ್ಲಿ ಬರೆಯುತ್ತೇನೆ. ಬೆಳೆ ಮುಗಿಯಲಿ ಅಂತ ಯಾವುದನ್ನೂ ಎತ್ತಿಡುವುದಿಲ್ಲ. ಸಾಲ ಇದ್ದೇ ಇದೆ, ರೇಟು ಏರುತ್ತದೆ ಇಳಿಯುತ್ತದೆ.

ಈಗ ಅತ್ತೆಗೆ ಮಂಡಿ ಪೂರ್ತಿ ಹೋಗಿದೆ. ಕೋಲು ಹಿಡಿದು ಪಡಸಾಲೆಯಿಂದ ಹುಳು ಮನೆಗೆ ಬರೋಕೆ ಹತ್ತು ನಿಮಿಷ ಬೇಕು. ಮೂವತ್ತು ಹೆಜ್ಜೆ ಇರಬಹುದು. ಕೈ ಹಿಡಿಯೋಕೆ ಹೋದರೆ ಒಪ್ಪಲ್ಲ. ನಾನು ಬಾಗಿಲಲ್ಲಿ ನಿಂತಿರುತ್ತೇನೆ. ಇವತ್ತು ಸಂಜೆಯೂ ಬಂದರು. ತಟ್ಟೆ ಮೇಲೆ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದರು. "ಒಂದೇ ಸಮ ಕೂತವೆ" ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತು ಬರುವುದಿಲ್ಲ.

ಮಗ ಈಗ ಕನಕಪುರದಲ್ಲಿ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಓದುತ್ತಿದ್ದಾನೆ. ಉಗ್ಗು ಹೋಗಿಲ್ಲ. ಹೋಗಬೇಕು ಅಂತ ನಾವೂ ಈಗ ಕಾಯುತ್ತಿಲ್ಲ. ಅವನಿಗೆ ಹೇಳಬೇಕಾದ್ದನ್ನೆಲ್ಲ ಹೇಳುತ್ತಾನೆ, ಹೊತ್ತು ತೆಗೆದುಕೊಳ್ಳುತ್ತಾನೆ. ಫೋನಿನಲ್ಲಿ ಮಾತ್ರ ಕಷ್ಟ ಜಾಸ್ತಿ, ಮುಖ ಕಾಣುವುದಿಲ್ಲವಲ್ಲ. ಮೊದಲು ಅವನ ಮಾತು ನಿಂತಾಗ ಲೈನ್ ಹೋಯಿತು ಅಂದುಕೊಂಡು 'ಹಲೋ, ಹಲೋ' ಅನ್ನುತ್ತಿದ್ದೆ. ಅದು ಅವನಿಗೆ ಇನ್ನಷ್ಟು ಬಿಗಿಯುತ್ತಿತ್ತು ಅಂತ ಅವನೇ ಒಂದು ದಿನ ಹೇಳಿದ. ಈಗ ಹಲೋ ಅನ್ನುವುದಿಲ್ಲ.

ಇದನ್ನು ಬರೆಯುತ್ತಿದ್ದ ಹಾಗೇ ಫೋನ್ ಬಂತು. ಎತ್ತಿ "ಮಗಾ" ಅಂದೆ. ಆ ಕಡೆ ಮಾತಿಲ್ಲ. ಹಾಸ್ಟೆಲ್‌ನ ಫ್ಯಾನ್ ಕಿರಗುಟ್ಟುವುದು ಕೇಳಿಸುತ್ತಿತ್ತು. ದೂರದಲ್ಲಿ ಯಾರೋ ಬಕೆಟ್ ಇಟ್ಟ ಸದ್ದು. ಅವನ ಉಸಿರು. ನಾನು ಕುರ್ಚಿಗೆ ಒರಗಿಕೊಂಡು ಕಿಟಕಿಯಿಂದ ಹುಳು ಮನೆ ಕಡೆ ನೋಡುತ್ತಾ ಕೂತೆ.

"ಹ್... ಹ್... ಹುಳ ಎದ್ದವಾ ಅಮ್ಮಾ?" ಅಂದ.

ಒಂದು ಗಳಿಗೆ ಬಿಟ್ಟು, "ಇನ್ನೂ ಇಲ್ಲ ಕಣೋ, ನಾಳೆ ಮಧ್ಯಾಹ್ನ ಆಗುತ್ತೆ" ಅಂದೆ.